ಮಾಲ್ಟಾದ ಕಲ್ಲಿನ ಬಗ್ಗೆ ಶಹಾಬಾದಿನಿಂದ ಒಂದು ಪತ್ರ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಬಗ್ಗೆ ಬಂದ ಬರಹ ಓದಿದೆ. ನಮ್ಮ ಕನ್ನಡ ಪತ್ರಿಕೆಯೊಂದು ಅಷ್ಟು ದೂರದ, ಅಷ್ಟು ಸಣ್ಣ ದೇಶಕ್ಕೆ ಇಡೀ ಪುಟ ಕೊಟ್ಟದ್ದು ನೋಡಿ ಖುಷಿಯಾಯಿತು. ಆದರೆ ಅದರ ಜೊತೆ ದೊಡ್ಡದಾಗಿ ಒಂದು ಚಿತ್ರ ಹಾಕಿದ್ದೀರಲ್ಲ, ಸಮುದ್ರದೊಳಗೆ ಕಾಲೂರಿ ನಿಂತ ಕಲ್ಲಿನ ಕಮಾನು, ಅದು ಈಗ ಇಲ್ಲ. ಅಜೂರ್ ವಿಂಡೋ ಎಂದು ಹೆಸರಾಗಿದ್ದ ಆ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಬಿತ್ತು. ಅದು ಇದ್ದದ್ದು ಪಕ್ಕದ ಗೋಜೊ ದ್ವೀಪದಲ್ಲಿ. ಈಗ ಅಲ್ಲಿಗೆ ಹೋದವರಿಗೆ ಮೇಲೆ ಏನೂ ಕಾಣುವುದಿಲ್ಲ. ಮುಳುಗು ಹಾಕಲು ಬರುವವರು ಮಾತ್ರ ಕೆಳಗೆ ಬಿದ್ದ ಬಂಡೆಗಳನ್ನು ನೋಡಿ ಬರುತ್ತಾರೆ. 'ತಪ್ಪದೇ ನೋಡಿ' ಎಂದು ಬರೆದದ್ದನ್ನು ನಂಬಿ ನಮ್ಮ ಕಡೆಯವರು ಯಾರಾದರೂ ಹೋದರೆ ಕಷ್ಟ ಅಲ್ವಾ?

ಇನ್ನೊಂದು ಮಾತು. ಬರಹದ ಮುಕ್ಕಾಲು ಪಾಲು ಬೀಚುಗಳಿಗೇ ಹೋಯಿತು. ಇತಿಹಾಸಕ್ಕೆ ಸಿಕ್ಕದ್ದು ಎರಡು ಸಾಲು. ಬೀಚು ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಗೋಕರ್ಣ ಇದೆ, ಮುರುಡೇಶ್ವರ ಇದೆ. ಮಾಲ್ಟಾದಲ್ಲಿ ನೋಡಬೇಕಾದದ್ದು ಕಲ್ಲು. ಇದನ್ನು ಹೇಳಲೆಂದೇ ಈ ಪತ್ರ. ಉದ್ದವಾಗಿದೆ, ಎಲ್ಲಿ ಬೇಕೋ ಅಲ್ಲಿ ಕತ್ತರಿಸಿಕೊಳ್ಳಿ.

ನಾನು ಶಹಾಬಾದಿನವನು. ನಮ್ಮದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರದ ಮನೆತನ. ಅಪ್ಪನ ಕಾಲಕ್ಕೆ ಖಣಿ ಇತ್ತು, ನನ್ನ ಕಾಲಕ್ಕೆ ಪಾಲಿಶ್ ಯಂತ್ರ ಬಂತು, ಆಮೇಲೆ ಟೈಲ್ಸ್ ಬಂದು ಎಲ್ಲ ನಿಧಾನವಾಯಿತು. ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದಿ ಮಾಲ್ಟಾದ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಇಂಗ್ಲಿಷ್ ಕೂಡ ಸರ್ಕಾರಿ ಭಾಷೆ. ಹಾಗಾಗಿ ನಮ್ಮ ದೇಶದ ನರ್ಸುಗಳು, ಬಸ್ ಡ್ರೈವರುಗಳು, ಅಡುಗೆಯವರು ಈಗ ಅಲ್ಲಿ ಬಹಳ ಮಂದಿ ಇದ್ದಾರೆ. ಅವಳನ್ನು ನೋಡಲು ನಾವು ಗಂಡ ಹೆಂಡತಿ ಹೋಗಿದ್ದೆವು.

ದೇಶ ಎಂದರೆ ಎಷ್ಟು ದೊಡ್ಡದು ಅಂತೀರಿ? ಮಾಲ್ಟಾ, ಗೋಜೊ, ಕೊಮಿನೊ ಮೂರೂ ಸೇರಿ 316 ಚದರ ಕಿಲೋಮೀಟರು. ಬೀದರ್ ಜಿಲ್ಲೆಯೇ 5,000 ಚದರ ಕಿಲೋಮೀಟರು ದಾಟುತ್ತದೆ. ನದಿ ಇಲ್ಲ, ಕಾಡು ಇಲ್ಲ. ಇರುವುದು ಕಲ್ಲು ಮತ್ತು ಸುತ್ತ ಸಮುದ್ರ. ಬಂದವರು ಹೋದವರು ಮಾತ್ರ ಬಹಳ. ಫಿನೀಷಿಯನ್ನರು, ರೋಮನ್ನರು, ಅರಬರು, ನಾರ್ಮನ್ನರು, ಕ್ರೈಸ್ತ ಯೋಧರ ಪಂಗಡವಾದ ಸೇಂಟ್ ಜಾನ್ ಪಂಥದ ನೈಟ್‌ಗಳು, ನೆಪೋಲಿಯನ್, ಕೊನೆಗೆ ಬ್ರಿಟಿಷರು. 1964ರಲ್ಲಿ ಸ್ವಾತಂತ್ರ್ಯ ಸಿಕ್ಕಿತು. ಜನ ಕ್ಯಾಥೊಲಿಕ್ಕರು, ಆಡುವ ಮಾತು ಅರಬ್ಬಿಯಿಂದ ಹುಟ್ಟಿದ್ದು, ಬರೆಯುವುದು ರೋಮನ್ ಲಿಪಿಯಲ್ಲಿ. ಉರ್ದು ಕಿವಿಗೆ ಬಿದ್ದು ಬೆಳೆದ ನಮ್ಮ ಕಡೆಯವರಿಗೆ ಬಸ್ಸಿನಲ್ಲಿ ಕೂತಾಗ ನಡುವೆ ಒಂದೊಂದು ಶಬ್ದ ಪರಿಚಯವೆನಿಸುತ್ತದೆ.

ಅಲ್ಲಿಯ ಮನೆ, ಚರ್ಚು, ಕೋಟೆ, ಹೊಲದ ಬದುವಿನ ಗೋಡೆ ಬಹುಪಾಲು ಒಂದೇ ಕಲ್ಲು. ಜೇನಿನ ಬಣ್ಣದ ಸುಣ್ಣಕಲ್ಲು. ಊರವರು ಅದನ್ನು ಫ್ರಾಂಕಾ ಎನ್ನುತ್ತಾರೆ. ನಮ್ಮದೂ ಸುಣ್ಣಕಲ್ಲೇ, ಆದರೆ ಸ್ವಭಾವ ಬೇರೆ. ಶಹಾಬಾದ್ ಕಲ್ಲು ಹಾರೆ ಹಾಕಿ ಎಬ್ಬಿಸಿದರೆ ಹಂಚಿನ ಮೇಲೆ ಉಬ್ಬಿದ ರೊಟ್ಟಿಯ ಹಾಗೆ ಪದರ ಬಿಡುತ್ತದೆ. ಅದಕ್ಕೇ ಅದು ನೆಲಕ್ಕೆ ಹೋಯಿತು, ರೈಲ್ವೆ ಪ್ಲಾಟ್‌ಫಾರಂಗಳಿಗೆ ಹೋಯಿತು. ಮಾಲ್ಟಾದ ಕಲ್ಲು ಪದರ ಬಿಡುವುದಿಲ್ಲ. ಖಣಿಯಿಂದ ಹೊಸದಾಗಿ ತೆಗೆದಾಗ ಬಲು ಮೆತ್ತಗೆ, ಗರಗಸದಲ್ಲೇ ಕೊಯ್ಯಬಹುದು. ಗಾಳಿಗೆ ಇಟ್ಟ ಮೇಲೆ ಮೇಲ್ಮೈ ಗಟ್ಟಿಯಾಗುತ್ತದೆ. ಅದಕ್ಕೇ ಅಲ್ಲಿ ಗೋಡೆ ಕಟ್ಟುವುದೂ ಸುಲಭ, ಬಳ್ಳಿ ಹೂವು ಕೆತ್ತುವುದೂ ಸುಲಭ. ಆದರೆ ಉಪ್ಪು ಗಾಳಿಗೆ ಸವೆಯುತ್ತದೆ. ಹಳೆಯ ಗೋಡೆಗಳಲ್ಲಿ ಜೇನುಗೂಡಿನಂಥ ತೂತುಗಳು ಬಿದ್ದಿವೆ. ನಾನು ಬೆರಳು ಹಾಕಿ ನೋಡುತ್ತಾ ನಿಂತರೆ ಮಗಳು, "ಅಪ್ಪಾ, ಎಲ್ಲಾರೂ ಆ ಕಡೆ ಸಮುದ್ರ ನೋಡಾಕತ್ಯಾರ, ನೀ ಗ್ವಾಡಿ ನೋಡಾಕತ್ತಿ" ಎಂದು ನಕ್ಕಳು.

ಹಳೆಯ ಮನೆಗಳ ಮಾಳಿಗೆ ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಮರ ಕಡಿಮೆ ಇರುವ ಊರು. ಒಳಗೆ ಕಲ್ಲಿನ ಕಮಾನು ಕಟ್ಟಿ, ಕಮಾನಿನಿಂದ ಕಮಾನಿಗೆ ಕಲ್ಲಿನ ಹಲಗೆ ಹಾಸಿದ್ದಾರೆ. ನಮ್ಮ ಕಡೆಯೂ ಮಾಳಿಗೆಗೆ ಫರಸಿ ಹಾಸಿದ ಮನೆಗಳಿವೆ. ಹಲಗೆ ಎಷ್ಟು ಉದ್ದ ತಡೆಯುತ್ತದೆ ಎನ್ನುವುದರ ಮೇಲೆ ಕೋಣೆಯ ಅಗಲ ನಿಲ್ಲುತ್ತದೆ. ಅಲ್ಲಿಯ ಮುದುಕ ಮೇಸ್ತ್ರಿಯೊಬ್ಬನಿಗೆ ಮಗಳ ಮೂಲಕ ಇದನ್ನೇ ಕೇಳಿದೆ. ಅವನು ಎರಡು ಕೈ ಅಗಲಿಸಿ ತೋರಿಸಿದ. ನಾನೂ ನಮ್ಮ ಅಳತೆ ತೋರಿಸಿದೆ. ಮಾತು ಮುಗಿಯಿತು, ಇಬ್ಬರಿಗೂ ತಿಳಿಯಿತು.

ಈಗ ವಲೆಟ್ಟಾ. ಇದು ರಾಜಧಾನಿ. ನಮ್ಮ ತಾಳಿಕೋಟೆ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಬೀದರಿನ ಅಲಿ ಬರೀದ್ ಶಾಹನ ಪಡೆಯೂ ಅದರಲ್ಲಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಆಟೋಮನ್ ತುರ್ಕರ ಹಡಗುಗಳು ಮಾಲ್ಟಾಕ್ಕೆ ಬಂದವು. ದ್ವೀಪ ಆಗ ಸೇಂಟ್ ಜಾನ್ ಪಂಥದ ನೈಟ್‌ಗಳ ಕೈಯಲ್ಲಿತ್ತು. ಅವರನ್ನು ರೋಡ್ಸ್ ದ್ವೀಪದಿಂದ ಇದೇ ತುರ್ಕರು ಓಡಿಸಿದ್ದರು. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಅವರಿಗೆ ಮಾಲ್ಟಾ ಕೊಟ್ಟ. ವರ್ಷಕ್ಕೆ ಒಂದು ಬೇಟೆಗಿಡುಗ ಕಪ್ಪ ಕೊಡಬೇಕು, ಅಷ್ಟೇ ಕರಾರು. ಅಗ್ಗದ ಬಾಡಿಗೆ ಅನ್ನಿ. ಬಂದರಿನ ಬಾಯಲ್ಲಿದ್ದ ಸೇಂಟ್ ಎಲ್ಮೊ ಎಂಬ ಸಣ್ಣ ಕೋಟೆ ಸುಮಾರು ಒಂದು ತಿಂಗಳು ತುರ್ಕರ ಫಿರಂಗಿ ತಡೆದು ಜೂನ್ 23ರಂದು ಬಿತ್ತು. ಆಚೆ ದಂಡೆಯ ಬಿರ್ಗು ಎಂಬ ಕೋಟೆಯ ಊರು ಬೀಳಲಿಲ್ಲ. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ಮುಗಿಯಿತು. ಇಂದಿಗೂ ಅಲ್ಲಿ ಸೆಪ್ಟೆಂಬರ್ 8 ರಜೆ.

ಮರುವರ್ಷ, 1566ರ ಮಾರ್ಚಿನಲ್ಲಿ, ಬೋಳು ಗುಡ್ಡದ ಮೇಲೆ ಹೊಸ ನಗರಕ್ಕೆ ಅಡಿಗಲ್ಲು ಹಾಕಿದರು. ನೈಟ್‌ಗಳ ಮುಖ್ಯಸ್ಥ ಲಾ ವಲೆಟ್‌ನ ಹೆಸರೇ ಊರಿನ ಹೆಸರು. ನಕ್ಷೆ ಹಾಕಿದವನು ಇಟಲಿಯ ಫ್ರಾನ್ಸೆಸ್ಕೊ ಲಪರೆಲ್ಲಿ. ಬೀದಿಗಳು ಗೆರೆ ಎಳೆದ ಹಾಗೆ ನೇರ, ಒಂದು ಕಡೆಯಿಂದ ನೋಡಿದರೆ ಇನ್ನೊಂದು ತುದಿಯಲ್ಲಿ ಸಮುದ್ರ. 1565 ನಮ್ಮ ಕಡೆ ಒಂದು ಮಹಾನಗರವನ್ನು ಹಾಳು ಮಾಡಿತು. ಅಲ್ಲಿ ಅದೇ ವರ್ಷದ ಯುದ್ಧದಿಂದ ಒಂದು ನಗರ ಹುಟ್ಟಿತು. ಕೋಟೆಯ ದಂಡೆಯಲ್ಲಿ ನಿಂತಾಗ ಇದು ತಲೆಯಲ್ಲಿ ಸುಳಿಯದೇ ಇರಲಿಲ್ಲ. ನಮ್ಮ ಶಾಲೆಯಲ್ಲಿ ಈ ಎರಡು ಸಂಗತಿಗಳನ್ನು ಯಾರೂ ಒಟ್ಟಿಗೆ ಹೇಳಿಕೊಟ್ಟಿರಲಿಲ್ಲ.

ಆ ನಗರದಲ್ಲಿ ನನಗೆ ಬಹಳ ಹಿಡಿಸಿದ್ದು ನೀರಿನ ವ್ಯವಸ್ಥೆ. ನದಿ ಇಲ್ಲದ ಊರಲ್ಲಿ ಕೋಟೆ ಕಟ್ಟಿ ಏನು ಮಾಡುತ್ತೀರಿ? ಅದಕ್ಕೆ ವಲೆಟ್ಟಾದ ಪ್ರತಿ ಮನೆಗೂ ನೆಲದಡಿ ತೊಟ್ಟಿ ಇರಲೇಬೇಕು ಎಂದು ನೈಟ್‌ಗಳು ಕಾನೂನು ಮಾಡಿದರು. ಅಡಿಯಲ್ಲಿ ಬಂಡೆ ಕೊರೆದು ತೊಟ್ಟಿ ಮಾಡುವುದು, ಅಲ್ಲಿಂದ ತೆಗೆದ ಕಲ್ಲಿನಿಂದಲೇ ಮೇಲೆ ಮನೆ ಕಟ್ಟುವುದು. ಮಾಳಿಗೆಯ ಮೇಲೆ ಬಿದ್ದ ಮಳೆ ಕೊಳವೆಯಲ್ಲಿಳಿದು ತೊಟ್ಟಿಗೆ. ಊರು ಬೆಳೆದು ಅದೂ ಸಾಲದಾದಾಗ 1610ರಿಂದ 1615ರ ನಡುವೆ ಒಳನಾಡಿನ ಊಟೆಗಳಿಂದ ವಲೆಟ್ಟಾದ ತನಕ ಕಾಲುವೆ ಕಟ್ಟಿದರು. ಸುಮಾರು 16 ಕಿಲೋಮೀಟರು. ತಗ್ಗು ಬಂದಲ್ಲಿ ಸಾಲು ಕಮಾನುಗಳ ಮೇಲೆ ನೀರು ಹರಿದಿದೆ. ರಸ್ತೆಯ ಪಕ್ಕದಲ್ಲಿ ಆ ಕಮಾನುಗಳು ಇನ್ನೂ ನಿಂತಿವೆ. ಈಗ ಕುಡಿಯುವ ನೀರಿನ ಅರ್ಧಕ್ಕಿಂತ ಜಾಸ್ತಿ ಸಮುದ್ರದ ನೀರಿನ ಉಪ್ಪು ತೆಗೆದು ಬರುವುದು. ಬೀದರಿನ ನೌಬಾದ್ ಕಡೆ ನೆಲದೊಳಗೆ ಸುರಂಗ ಕೊರೆದು ನೀರು ತಂದ ಕರೇಜ್ ನೋಡಿದವರಿಗೆ ಇದು ಹೊಸದಲ್ಲ. ಬಹಮನಿಗಳ ಕಾಲದಲ್ಲಿ ಇರಾನಿನ ಜಾಣ್ಮೆಯಿಂದ ಆದದ್ದು ಅದು. ವಲೆಟ್ಟಾ ಹುಟ್ಟುವ ಮೊದಲಿನದು. ನಿಮ್ಮ ಪುರವಣಿಯವರು ಬೀದರಿನ ಬಗ್ಗೆ ಬರೆಯುವಾಗಲೂ ಕೋಟೆ, ಮದರಸಾ, ಗುರುದ್ವಾರ ಎಂದು ನಿಲ್ಲಿಸಿಬಿಡುತ್ತಾರೆ. ಆ ಸುರಂಗಕ್ಕೂ ಒಮ್ಮೆ ಹೋಗಿ ಬರಲಿ.

ಸೇಂಟ್ ಜಾನ್ ಕೆಥೆಡ್ರಲ್ ಹೊರಗಿನಿಂದ ಸಪ್ಪೆ. ಒಳಗೆ ಹೋದರೆ ಕಣ್ಣು ಕುಕ್ಕುವಷ್ಟು ಚಿನ್ನ. ನಾನು ಜಾಸ್ತಿ ಹೊತ್ತು ಕೆಳಗೇ ನೋಡಿದೆ. ನೆಲವಿಡೀ ನೈಟ್‌ಗಳ ಸಮಾಧಿ ಕಲ್ಲುಗಳು, ಸುಮಾರು 400, ಬಣ್ಣಬಣ್ಣದ ಅಮೃತಶಿಲೆ ಕೊಯ್ದು ಜೋಡಿಸಿದ್ದು. ಅಸ್ಥಿಪಂಜರ, ಕತ್ತಿ, ಕಿರೀಟ, ಸಿಂಹ. ಚೂಪು ಹಿಮ್ಮಡಿಯ ಚಪ್ಪಲಿ ಹಾಕಿದವರನ್ನು ಒಳಗೆ ಬಿಡುವುದಿಲ್ಲ, ಕಲ್ಲಿಗೆ ಪೆಟ್ಟಾಗುತ್ತದೆಂದು. ನನಗೆ ಈ ನಿಯಮ ಭಾಳ ಚಲೋ ಅನಿಸಿತು. ಅದೇ ಚರ್ಚಿನಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ದೊಡ್ಡ ಚಿತ್ರವಿದೆ, ಸಂತ ಜಾನ್‌ನ ತಲೆ ಕಡಿಯುವುದು. ಅವನು ಸಹಿ ಹಾಕಿದ ಚಿತ್ರ ಅದೊಂದೇ. ಸಹಿ ಇರುವುದು ಚಿತ್ರದೊಳಗೆ ಚೆಲ್ಲಿದ ರಕ್ತದಲ್ಲಿ. ನನ್ನ ಹೆಂಡತಿ ಅದನ್ನು ನೋಡಲಾರೆನೆಂದು ಹೊರಗೆ ಹೋಗಿ ಕೂತಳು.

ಮೊಸ್ತಾ ಊರಿನ ಚರ್ಚಿನ ಗುಮ್ಮಟವನ್ನು ನೋಡದೇ ಬರಬೇಡಿ. ನಮ್ಮ ವಿಜಯಪುರದ ಗೋಲಗುಮ್ಮಟಕ್ಕಿಂತ ತುಸು ಸಣ್ಣದು, ಆದರೆ ಹಳ್ಳಿಯವರು ಕಟ್ಟಿದ್ದು. ಹಳೆಯ ಚರ್ಚನ್ನು ಒಳಗೆ ಹಾಗೇ ಬಿಟ್ಟುಕೊಂಡು ಅದರ ಸುತ್ತ ಹೊಸದನ್ನು ಎಬ್ಬಿಸಿ, ಕೊನೆಗೆ ಹಳೆಯದನ್ನು ಕೆಡವಿದರು. 1942ರ ಏಪ್ರಿಲ್ 9ರಂದು ಜನ ಪ್ರಾರ್ಥನೆಗೆ ಸೇರಿದ್ದಾಗ ಜರ್ಮನ್ ಬಾಂಬೊಂದು ಗುಮ್ಮಟ ತೂರಿ ಒಳಗೆ ಬಿತ್ತು. ಸಿಡಿಯಲಿಲ್ಲ. ಅಂಥದೇ ಬಾಂಬೊಂದನ್ನು ಚರ್ಚಿನಲ್ಲಿ ಇಟ್ಟಿದ್ದಾರೆ. ಆ ತಿಂಗಳೇ ಬ್ರಿಟನ್ನಿನ ದೊರೆ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಅದು ಇಂದಿಗೂ ಅವರ ಬಾವುಟದ ಮೂಲೆಯಲ್ಲಿದೆ.

ಇವೆಲ್ಲ ಹೊಸವು ಬಿಡಿ. ದ್ವೀಪದ ದಕ್ಷಿಣ ದಂಡೆಯಲ್ಲಿ ಹಜರ್ ಈಮ್ ಮತ್ತು ಮ್ನೈದ್ರಾ ಎಂಬ ಕಲ್ಲಿನ ಗುಡಿಗಳಿವೆ. ಗೋಜೊದಲ್ಲಿ ಜಿಗಾಂತಿಯಾ. ಇವು ಈಜಿಪ್ಟಿನ ಪಿರಮಿಡ್ಡಿಗಿಂತ ಹಳೆಯವು, ಐದು ಸಾವಿರ ವರ್ಷ ದಾಟಿದವು. ಆಗ ಅಲ್ಲಿ ಕಬ್ಬಿಣ ಇಲ್ಲ, ತಾಮ್ರವೂ ಇಲ್ಲ. ಕಲ್ಲಿನಿಂದಲೇ ಕಲ್ಲು ಒಡೆದಿದ್ದಾರೆ. ಕೆಲವು ಬಂಡೆಗಳು 20 ಟನ್ ದಾಟುತ್ತವೆ. ಗುಡಿಗಳ ಹತ್ತಿರ ಕಲ್ಲಿನ ಗುಂಡುಗಳು ಸಿಕ್ಕಿವೆ. ಅವುಗಳ ಮೇಲೆ ಬಂಡೆ ಉರುಳಿಸಿರಬಹುದು ಎನ್ನುತ್ತಾರೆ. ಇಷ್ಟು ವರ್ಷ ಖಣಿಯ ಕೆಲಸ ಕಂಡವನಾಗಿ ಹೇಳುತ್ತೇನೆ, ಗುಂಡು ಉರುಳಿಸುವುದು ಸರಿ, ಆದರೆ ಬಂಡೆ ಎತ್ತಿ ನಿಲ್ಲಿಸುವುದಿದೆಯಲ್ಲ, ಅದಕ್ಕೆ ಮಣ್ಣಿನ ಏರಿ, ಹಗ್ಗ ಮತ್ತು ಒಟ್ಟಿಗೆ ಉಸಿರು ಹಿಡಿಯುವ ಜನ ಬೇಕು. ಮ್ನೈದ್ರಾದಲ್ಲಿ ಹಗಲು ರಾತ್ರಿ ಸಮವಾಗುವ ದಿನ ಸೂರ್ಯ ಹುಟ್ಟುವಾಗ ಬೆಳಕು ನೇರ ಬಾಗಿಲಿನಿಂದ ಒಳಗಿನ ತನಕ ಬೀಳುತ್ತದೆ.

ಮಳೆ ಗಾಳಿಗೆ ಕಲ್ಲು ಸವೆಯುವುದನ್ನು ಕಂಡು 2009ರಲ್ಲಿ ಹಜರ್ ಈಮ್, ಮ್ನೈದ್ರಾ ಎರಡೂ ಗುಡಿಗಳ ಮೇಲೆ ದೊಡ್ಡ ಡೇರೆ ಹಾಕಿದ್ದಾರೆ. ನೋಟ ಕೆಟ್ಟಿತು ಎಂದು ಗೊಣಗುವವರು ಅಲ್ಲೂ ಇದ್ದಾರೆ. ನಾನು ಡೇರೆಯ ಪರ. ನಮ್ಮ ಭೀಮಾ ದಂಡೆಯ ಸನ್ನತಿ, ಕನಗನಹಳ್ಳಿ ನೋಡಿ. ಅಶೋಕನ ಶಾಸನ 1986ರಲ್ಲಿ ಬೆಳಕಿಗೆ ಬಂದದ್ದು ಸನ್ನತಿಯ ಗುಡಿಯೊಂದರ ಮಾಳಿಗೆ ಕುಸಿದ ಮೇಲೆ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪ ಸಿಕ್ಕಿದ್ದು ಕನಗನಹಳ್ಳಿಯ ಸ್ತೂಪದಲ್ಲಿ. ಅದೂ ಸುಣ್ಣಕಲ್ಲೇ. ಆ ಶಿಲ್ಪಗಳು ವರ್ಷಗಟ್ಟಲೆ ಬಿಸಿಲು ಮಳೆಗೆ ಬಯಲಲ್ಲಿ ಬಿದ್ದಿದ್ದವು. ಒಂದು ತಗಡಿನ ಚಪ್ಪರ ಆಗಲೇ ಹಾಕಿದ್ದರೆ ಏನಾಗುತ್ತಿತ್ತು?

ಹೈಪೋಜಿಯಂ ಎನ್ನುವುದು ಇನ್ನೊಂದು. ಬಂಡೆಯೊಳಗೆ ಮೂರು ಅಂತಸ್ತು ಕೊರೆದ ಸ್ಮಶಾನ. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿ ತೋಡುವಾಗ ಸಿಕ್ಕಿತು. ಸುಮಾರು 7,000 ಜನರನ್ನು ಅಲ್ಲಿ ಹೂಳಿದ್ದರೆಂದು ಅಂದಾಜು. ಒಳಗೆ ಕೆಂಪು ಬಣ್ಣದ ಚಿತ್ರಗಳಿವೆ. ಮನುಷ್ಯರ ಉಸಿರಿನಿಂದಲೇ ಅವು ಕೆಡುತ್ತವೆ. ಅದಕ್ಕೆ ಒಂದು ಸಲಕ್ಕೆ ಹತ್ತು ಜನ, ದಿನಕ್ಕೆ 80 ಜನ, ಅಷ್ಟೇ ಬಿಡುವುದು. ಟಿಕೆಟ್ ತಿಂಗಳುಗಳ ಮುಂಚೆ ಖಾಲಿ. ನಿಮ್ಮ ಬರಹದಲ್ಲಿ ಇದರ ಹೆಸರೇ ಇರಲಿಲ್ಲ. ಹೋಗುವವರು ವಿಮಾನದ ಟಿಕೆಟ್ ತೆಗೆಯುವ ಮೊದಲು ಇದರ ಟಿಕೆಟ್ ನೋಡಲಿ.

ಸಮುದ್ರದ ಬಗ್ಗೆಯೂ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ. ಮರಳಿನ ದಂಡೆ ಅಲ್ಲಿ ಕಡಿಮೆ. ಹೆಚ್ಚು ಕಡೆ ಜನ ಚಪ್ಪಟೆ ಬಂಡೆಯ ಮೇಲಿಂದ ನೇರ ನೀರಿಗೆ ಹಾರುತ್ತಾರೆ. ಮೆಲ್ಲೀಹಾದ ಮರಳ ದಂಡೆ ಉದ್ದಕ್ಕಿದೆ, ಆಳವಿಲ್ಲ. ನಮ್ಮಂಥವರಿಗೆ ಅದೇ ಸರಿ. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ನಡೆದಳು, ನಡೆದಳು, ಮೊಣಕಾಲಿಗೂ ನೀರು ಬರಲಿಲ್ಲ. "ಏನ್ರೀ, ಇದೇನ್ ಸಮುದ್ರರೀ, ನಮ್ಮ ಕಾಗಿಣಾ ಇದ್ದಾಂಗ ಅದ" ಎಂದು ಅಲ್ಲಿಂದಲೇ ಕೂಗಿದಳು. ಮಗಳು, "ಅವ್ವಾ, ಇನ್ನ ಮುಂದ ಹೋಗಬ್ಯಾಡ" ಎಂದು ಹಿಂದೆ ಓಡಿದಳು. ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದು, ನೇರಳೆ ಬಾವುಟ ಎಂದರೆ ಲೋಳೆಮೀನು ಇದೆ ಎಂದು. ಇದನ್ನು ಈಜು ಬಾರದ ನಮ್ಮ ಕಡೆಯವರು ನೆನಪಿಡಬೇಕು. ಕೊಮಿನೊದ ಬ್ಲೂ ಲಗೂನ್ ನಿಮ್ಮ ಬರಹದಲ್ಲಿದ್ದಷ್ಟೇ ನೀಲಿ, ಅದರಲ್ಲಿ ಸುಳ್ಳಿಲ್ಲ. ಆದರೆ ಬೇಸಿಗೆಯಲ್ಲಿ ಟವೆಲ್ ಹಾಸಲು ಜಾಗ ಇರುವುದಿಲ್ಲ. ಗದ್ದಲ ತಡೆಯಲು ಈಗ ಮುಂಚಿತವಾಗಿ ಹೆಸರು ನೋಂದಾಯಿಸಬೇಕಾಗಿದೆ. ನನಗೆ ಹಿಡಿಸಿದ್ದು ಗೋಜೊದ ಉತ್ತರ ದಂಡೆಯ ಉಪ್ಪಿನ ಮಡಿಗಳು. ಸಮುದ್ರದ ಅಂಚಿನ ಬಂಡೆಯಲ್ಲೇ ಸಾಲಾಗಿ ಮಡಿ ಕಡಿದಿದ್ದಾರೆ. ನೀರು ಬಿಸಿಲಿಗೆ ಆರಿದರೆ ಉಪ್ಪು ಗುಡಿಸಿಕೊಳ್ಳುತ್ತಾರೆ. ಇವತ್ತಿಗೂ ಅದೇ ಕಸುಬು ಮಾಡುವ ಮನೆಗಳಿವೆ.

ಊಟದ ಚಿಂತೆ ಬೇಡ. ಬಟಾಣಿ ಅಥವಾ ರಿಕೊಟ್ಟಾ ಎಂಬ ಚೀಸ್ ತುಂಬಿದ ಪಸ್ತಿಝಿ ಎಂಬ ಕರಿಗಡುಬಿನಂಥದ್ದು ಬೀದಿಬೀದಿಗೆ ಸಿಗುತ್ತದೆ. ಶುದ್ಧ ಸಸ್ಯಾಹಾರಿಗಳು ಒಂದು ಸಲ ಕೇಳಿ ತಿನ್ನಿ, ಹಿಟ್ಟಿಗೆ ಹಂದಿ ಕೊಬ್ಬು ಹಾಕುವ ರೂಢಿಯೂ ಇದೆ. ನಾವು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದಿದ್ದೆವು. ತುಪ್ಪ, ಪೇಡೆ ಒಯ್ಯಬೇಡಿ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಹೊಲದ ಬದುವಿನ ತುಂಬ ಪಾಪಾಸುಕಳ್ಳಿ. ಅದರ ಹಣ್ಣನ್ನು ಮುಳ್ಳು ತೆಗೆದು ಮಾರುತ್ತಾರೆ.

ಭಾರತದವರ ಗುರುತು ಅಲ್ಲಿ ಇಂದಿನದಲ್ಲ. 1878ರಲ್ಲಿ ರಷ್ಯಾದ ಜೊತೆ ಯುದ್ಧವಾಗಬಹುದೆಂದು ಬ್ರಿಟಿಷರು ಸುಮಾರು 7,000 ಭಾರತೀಯ ಸೈನಿಕರನ್ನು ಮಾಲ್ಟಾಕ್ಕೆ ತಂದಿಟ್ಟಿದ್ದರು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸಿಂಧಿ ವ್ಯಾಪಾರಿಗಳು ವಲೆಟ್ಟಾದಲ್ಲಿ ಅಂಗಡಿ ಹಾಕಿದರು. ಅವರ ಮಕ್ಕಳು ಮರಿಮಕ್ಕಳು ಇನ್ನೂ ಇದ್ದಾರೆ.

ಹೋಗುವವರಿಗೆ ಎರಡು ಮಾತು. ಷೆಂಗೆನ್ ವೀಸಾ ಬೇಕು, ಪ್ರಯಾಣದ ವಿಮೆ ಬೇಕು. ನಮ್ಮ ಕಡೆಯವರಿಗೆ ಹೈದರಾಬಾದ್ ಹತ್ತಿರ, ದುಬೈ ಮೇಲೆ ಹೋಗಬಹುದು. ಜುಲೈ, ಆಗಸ್ಟ್ ಬೇಡ. ಕಲಬುರಗಿಯ ಬಿಸಿಲು ಕಂಡವರಿಗೆ ಆ ಬಿಸಿಲು ಏನೂ ಅಲ್ಲ, ಆದರೆ ಜನರ ಗದ್ದಲ ತಡೆಯಲಾಗುವುದಿಲ್ಲ. ಐದೂವರೆ ಲಕ್ಷ ಜನರ ದೇಶಕ್ಕೆ 2024ರಲ್ಲಿ 35 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು. ಅಕ್ಟೋಬರಿನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಬಸ್ಸುಗಳು ಎಲ್ಲ ಕಡೆ ಹೋಗುತ್ತವೆ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ.

ಎಲ್ಲವೂ ಚಿನ್ನ ಎಂದು ನಾನು ಹೇಳುತ್ತಿಲ್ಲ. ಸ್ಲೀಮಾ ಎಂಬ ಊರಿನ ಕಡೆ ನೋಡಿದರೆ ಹಳೆಯ ಕಲ್ಲಿನ ಮನೆ ಕೆಡವಿ ಕಾಂಕ್ರೀಟಿನ ಗೋಪುರ ಎಬ್ಬಿಸಿದ್ದಾರೆ. ಎಲ್ಲಿ ನೋಡಿದರೂ ಕ್ರೇನು. ಮೇಸ್ತ್ರಿ ಕೂಡ ಇದನ್ನೇ ಹೇಳಿ ಬೇಜಾರಾದ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸಿಜ್ಜೀವಿ ಎಂಬ ಊರಿನಲ್ಲಿ ಒಂದು ಹಳೆಯ ಖಣಿ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ಅದನ್ನು ಮುಚ್ಚಲಿಲ್ಲ, ಕಸ ಹಾಕಲಿಲ್ಲ. ನೋಡುವ ಜಾಗ ಮಾಡಿದ್ದಾರೆ. ಟಿಕೆಟ್ ಕೊಂಡು ಖಣಿಯೊಳಗೆ ಇಳಿಯಬೇಕು. ಕಲ್ಲು ಸಮುದ್ರದ ತಳದಲ್ಲಿ ಹೇಗೆ ಕೂಡಿತು, ಹಿಂದೆ ಕೈಯಿಂದ ಹೇಗೆ ಕೊಯ್ದರು, ಗಾಡಿಗೆ ಹೇಗೆ ಏರಿಸಿದರು, ಮನೆಗೆ ಹೇಗೆ ಜೋಡಿಸಿದರು, ಎಲ್ಲ ತೋರಿಸುತ್ತಾರೆ. ಖಣಿಯ ತಳದಲ್ಲಿ ಮಣ್ಣು ತುಂಬಿ ನಿಂಬೆ, ಕಿತ್ತಳೆ ಬೆಳೆಸಿದ್ದಾರೆ. ಗಾಳಿ ಬೀಸದ ತಗ್ಗು ನೋಡಿ, ಗಿಡ ಚೆನ್ನಾಗಿ ಬಂದಿವೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಸುಣ್ಣಕಲ್ಲು ಮುಟ್ಟಿ ನೋಡುತ್ತಿದ್ದರು. ಮಗಳು ಬೇರೆ ಕಡೆ ಹೋಗೋಣ ಎಂದಳು. ನಾನು ಅಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಎಂದೆ.

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಬಿಟ್ಟ ಖಣಿಗಳು ಎಷ್ಟೋ ಇವೆ. ಮಳೆಗಾಲದಲ್ಲಿ ನೀರು ತುಂಬುತ್ತದೆ. ಬಟ್ಟೆ ಒಗೆಯುತ್ತಾರೆ, ಎಮ್ಮೆ ಇಳಿಸುತ್ತಾರೆ, ಈಜಲು ಹೋದ ಹುಡುಗರು ಮುಳುಗಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಬರುತ್ತದೆ. ಕೆಲವದರಲ್ಲಿ ಊರ ಕಸ. ಮುಂಬೈ, ಹೈದರಾಬಾದಿನ ಎಷ್ಟು ಮನೆಗಳ ನೆಲ ನಮ್ಮ ಕಲ್ಲು, ಆದರೆ ಆ ಕಲ್ಲು ಎಲ್ಲಿಂದ ಬಂತು, ಯಾರು ಎಬ್ಬಿಸಿದರು ಎಂದು ಹೇಳುವ ಒಂದು ಕೋಣೆ ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ. ಮಾನ್ಯಖೇಟ ನೋಡಲು ಮಳಖೇಡಕ್ಕೆ ಬರುವವರು, ಸನ್ನತಿಗೆ ಹೋಗುವವರು ಈ ಹಾದಿಯಲ್ಲೇ ಹೋಗುತ್ತಾರೆ. ರೈಲು ನಿಲ್ದಾಣ ಇದೆ. ನಡುವೆ ಒಂದು ತಾಸು ಇಳಿದು ನೋಡುವ ಖಣಿ ಇದ್ದರೆ ಬೇಡ ಅನ್ನುವವರು ಯಾರು?

ಇದಕ್ಕೆ ಕೋಟಿಗಟ್ಟಲೆ ಬೇಕಾಗಿಲ್ಲ. ಆಳವಿಲ್ಲದ, ನೀರು ನಿಲ್ಲದ ಒಂದು ಖಣಿ ಆರಿಸಬೇಕು. ಸುತ್ತ ಬೇಲಿ, ಇಳಿಯಲು ಮೆಟ್ಟಿಲು. ಮೆಟ್ಟಿಲಿಗೆ ಕಲ್ಲು ಅಲ್ಲೇ ಇದೆ. ಒಂದು ಗೋಡೆಯಲ್ಲಿ ಪದರಗಳು ಕಾಣುವಂತೆ ಸ್ವಚ್ಛ ಮಾಡಬೇಕು. ಫರಸಿ ಹಾಸಿದ ಮಾಳಿಗೆಯ ಒಂದು ಮನೆ ಕಟ್ಟಬೇಕು. ಕೆಲಸ ತೋರಿಸಲು ನಮ್ಮಲ್ಲಿ ಇನ್ನೂ ಒಡ್ಡರ ಮನೆಗಳ ಹಿರಿಯರು ಇದ್ದಾರೆ. ಕಲ್ಲಿನ ಮೇಲೆ ಹಾರೆಯ ತುದಿ ಬಡಿದು ಸದ್ದಿನಿಂದಲೇ ಪದರ ಎಲ್ಲಿ ಬಿಡುತ್ತದೆಂದು ಹೇಳುವವರು. ಅವರಿಗೆ ದಿನಗೂಲಿ ಕೊಟ್ಟು ಕೂರಿಸಬೇಕು, ಪುಕ್ಕಟೆ ಬನ್ನಿ ಎಂದರೆ ಆಗುವುದಿಲ್ಲ. ಇವರೆಲ್ಲ ಎಪ್ಪತ್ತು ದಾಟಿದವರು. ತಡ ಮಾಡಿದರೆ ಬರೀ ಖಣಿ ಉಳಿಯುತ್ತದೆ.

ಜಿಲ್ಲಾ ಪ್ರವಾಸೋದ್ಯಮದ ಬಗ್ಗೆ ಸಭೆ ನಡೆದಾಗಲೆಲ್ಲ ನಿಮ್ಮಲ್ಲಿ ಸುದ್ದಿ ಬರುತ್ತದೆ. ಮುಂದಿನ ಸಲ ನಿಮ್ಮ ವರದಿಗಾರರು ಖಣಿಯ ಮಾತೂ ಎತ್ತಲಿ. ನಮ್ಮ ಮನೆಯ ಹಿತ್ತಲಲ್ಲಿ ಅಪ್ಪನ ಕಾಲದ ಚಾಣ, ಸುತ್ತಿಗೆ, ಹಾರೆಗಳು, ಒಂದು ಹಳೆಯ ಅಳತೆಕೋಲು ಇವೆ. ಗುಜರಿಯವನು ಎರಡು ಸಲ ಕೇಳಿದ್ದಾನೆ, ಕೊಟ್ಟಿಲ್ಲ. ಅಂಥ ಒಂದು ಖಣಿ ಮಾಡುವುದಾದರೆ ಅವನ್ನು ನಾನೇ ಗಾಡಿ ಮಾಡಿ ತಂದು ಕೊಡುತ್ತೇನೆ. ದುಡ್ಡು ಬೇಡ, ರಸೀದಿ ಕೊಟ್ಟರೆ ಸಾಕು.

ಇತಿ ನಿಮ್ಮ ಓದುಗ,
ಫರಸಿ ಕಲ್ಲಿನ ಹಳೆಯ ವ್ಯಾಪಾರಿ,
ಶಹಾಬಾದ್, ಕಲಬುರಗಿ ಜಿಲ್ಲೆ